ಒಂದು ಇಂಗ್ಲಿಷ್ ಪುಸ್ತಕ, ಎರಡು ಅರ್ಥ: ರಾಯದುರ್ಗ ಸೀಮೆಯ ತರಗತಿಯಲ್ಲಿ ಅನುವಾದ

ನಡುವೆ ಧ್ವನಿ ಕಡಿದರೆ ದಯವಿಟ್ಟು ಹೇಳಿ, ನಮ್ಮ ಕಡೆ ನೆಟ್‌ವರ್ಕ್ ಅಷ್ಟಕ್ಕಷ್ಟೆ. ನಾನು ಕನ್ನಡ ಎಂ.ಎ. ಓದುತ್ತಿರುವ ವಿದ್ಯಾರ್ಥಿ. ಇಂಗ್ಲಿಷ್ ಬೋಧನೆ ನನ್ನ ವಿಷಯವಲ್ಲ. ಆದರೂ ಈ ಸಂಕಿರಣದಲ್ಲಿ ಮಾತಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಇಂಗ್ಲಿಷ್ ಬೋಧನೆ, ಅನುವಾದ, ಸಾಹಿತ್ಯ ಅಧ್ಯಯನ ಇವನ್ನು ನಾವು ಮೂರು ಬೇರೆ ಬೇರೆ ವಿಭಾಗಗಳಲ್ಲಿ ಓದುತ್ತೇವೆ. ನಮ್ಮೂರಿನ ಶಾಲೆಯಲ್ಲಿ ಮೂರೂ ಒಂದೇ ಪಿರಿಯಡ್ಡಿನಲ್ಲಿ, ಒಬ್ಬರೇ ಮೇಷ್ಟ್ರ ಬಾಯಲ್ಲಿ ನಡೀತಿದ್ದವು. ಅದಕ್ಕೊಂದು ಚರಿತ್ರೆ ಇದೆ ಅನ್ನೋದು ನನ್ನ ವಾದ.

ನಮ್ಮೂರು ಡಿ. ಹಿರೇಹಾಳ್. ಆಂಧ್ರದ ಅನಂತಪುರ ಜಿಲ್ಲೆಯ ಒಂದು ಮಂಡಲ ಕೇಂದ್ರ. ಕಚೇರಿ ಕೆಲಸಕ್ಕೆ ರಾಯದುರ್ಗ, ಸಂತೆ-ಆಸ್ಪತ್ರೆಗೆ ಬಳ್ಳಾರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ, ಬಸ್ಸಿನ ಬೋರ್ಡು ತೆಲುಗು. ನಾನು ಓದಿದ್ದು ಕನ್ನಡ ಮಾಧ್ಯಮ. ಮೊದಲ ಭಾಷೆ ಕನ್ನಡ, ಎರಡನೇದು ತೆಲುಗು, ಮೂರನೇದು ಇಂಗ್ಲಿಷ್. ಅದೇ ಕಟ್ಟಡದಲ್ಲಿ ತೆಲುಗು ಮಾಧ್ಯಮದ ಸೆಕ್ಷನ್ ಕೂಡ ಇತ್ತು. ವಿಜ್ಞಾನ, ಸಮಾಜ, ಲೆಕ್ಕ ಎಲ್ಲ ಪುಸ್ತಕಗಳೂ ಅವರದು ಬೇರೆ, ನಮ್ಮದು ಬೇರೆ. ಇಂಗ್ಲಿಷ್ ರೀಡರ್ ಮಾತ್ರ ಇಬ್ಬರಿಗೂ ಒಂದೇ. ಹಾಗಾಗಿ ಹಳೇ ಪುಸ್ತಕ ಅರ್ಧ ಬೆಲೆಗೆ ಕೈ ಬದಲಾಯಿಸುವಾಗ ಸೆಕ್ಷನ್ ದಾಟಿ ಹೋಗುತ್ತಿದ್ದದ್ದು ಇಂಗ್ಲಿಷ್ ಪುಸ್ತಕ ಒಂದೇ.

ನಮ್ಮಪ್ಪನ ಟ್ರಂಕಿನಲ್ಲಿ ಅಂಥದ್ದೊಂದು ರೀಡರ್ ಸಿಕ್ಕಿತು. ರಟ್ಟು ಹೋಗಿದೆ. ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ತೆಲುಗು ಅರ್ಥ, ಸಾಲುಗಳ ಕೆಳಗೆ ಪೆನ್ನಿನಲ್ಲಿ ಕನ್ನಡ ಅರ್ಥ. ಎರಡು ಲಿಪಿಯೂ ಹತ್ತಿರದ್ದೇ ಆದರೂ ತಲೆಕಟ್ಟು ನೋಡಿದರೆ ಗೊತ್ತಾಗುತ್ತೆ. ತೆಲುಗಿನದು ಮೇಲಕ್ಕೆ ಎಳೆದ ಸರಿಗುರುತಿನ ಹಾಗೆ, ನಮ್ಮದು ಅಡ್ಡಗೆರೆ. ಕೆಳಗಿನದು ಅಪ್ಪನ ಕೈ. ಮೇಲಿನದು ಪುಸ್ತಕವನ್ನು ಮೊದಲು ಓದಿದ ತೆಲುಗು ಸೆಕ್ಷನ್ನಿನ ಯಾರೋ ಹುಡುಗನದು, ಹೆಸರು ಅಪ್ಪನಿಗೆ ನೆನಪಿಲ್ಲ.

ಒಂದು ಪಾಠದಲ್ಲಿ ಊರವರು ಹೊರಗಿನಿಂದ ಬಂದ ಅಧಿಕಾರಿಯ ಹತ್ತಿರ ನಮಗೆ ನೀರಿಲ್ಲ ಅಂತ ಹೇಳಿಕೊಳ್ಳುವ ಮಾತು ಬರುತ್ತದೆ. ಅಲ್ಲಿ ತೆಲುಗು ಹುಡುಗ ಮೊದಲು 'ಮನಕು' ಅಂತ ಬರೆದಿದ್ದಾನೆ. ಆಮೇಲೆ ಅದನ್ನು ಹೊಡೆದುಹಾಕಿ 'ಮಾಕು' ಅಂತ ಮಾಡಿದ್ದಾನೆ. ಕೆಳಗೆ ಅಪ್ಪ ನಿಶ್ಚಿಂತೆಯಿಂದ 'ನಮಗೆ' ಅಂತ ಬರೆದು ಮುಂದೆ ಹೋಗಿದ್ದಾರೆ.

ತೆಲುಗು ಬಲ್ಲವರಿಗೆ ಇದರ ಗುಟ್ಟು ಗೊತ್ತು. ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ 'ಮನಂ', ಅವನನ್ನು ಬಿಟ್ಟರೆ 'ಮೇಮು'. ಇವತ್ತಿನ ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ, ಇಂಗ್ಲಿಷಿನಲ್ಲೂ 'ವಿ' ಒಂದೇ. ಅಂದರೆ ಆ ಒಂದು ಪದದ ಅರ್ಥ ಬರೆಯಬೇಕಾದರೆ ತೆಲುಗು ಹುಡುಗ ಕತೆಯನ್ನೇ ತಿರುಗಿ ಓದಬೇಕು. ಅಧಿಕಾರಿ ಊರವರ ಜೊತೆಗಿದ್ದಾನಾ, ಎದುರಿಗಿದ್ದಾನಾ? ಹೊಡೆದುಹಾಕಿದ ಆ ಪದದಲ್ಲಿ ಒಂದು ವಿಮರ್ಶೆ ನಡೆದಿದೆ. ಅಪ್ಪನಿಗೆ ಆ ಕಷ್ಟವೂ ಇಲ್ಲ, ಆ ಲಾಭವೂ ಇಲ್ಲ.

ಇದು ಒಂದು ಕಡೆಯ ಕಷ್ಟ ಮಾತ್ರ ಅಂತಲ್ಲ. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ದನಕ್ಕೂ ಕ್ರಿಯಾಪದ ಒಂದೇ, ಎರಡೂ 'ವಚ್ಚಿಂದಿ'. ಸಲಿಗೆಯ ಮಾತಿನಲ್ಲಿ ಸರ್ವನಾಮವೂ ಒಂದೇ, 'ಅದಿ'. ಅವರ ಹಳೇ ವ್ಯಾಕರಣದಲ್ಲಿ ಇದಕ್ಕೆ ಮಹತ್ತು, ಅಮಹತ್ತು ಅನ್ನೋ ವಿಭಾಗವೇ ಇದೆ. ಕನ್ನಡದಲ್ಲಿ ಅವಳು ಬಂದಳು, ಹಸು ಬಂತು. ಇಂಗ್ಲಿಷಿನ 'ಹಿ', 'ಶಿ', 'ಇಟ್' ನಮಗೆ ಸಲೀಸಾಗಿ ಕೂರುತ್ತಿತ್ತು. ಪಕ್ಕದ ಸೆಕ್ಷನ್ನಿನವರು ತಡವರಿಸುತ್ತಿದ್ದರು, ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ ನಗಬಾರದಿತ್ತು. ಬೋಧನಾ ಸಂಶೋಧನೆಯಲ್ಲಿ 'ಮಾತೃಭಾಷೆಯ ಪ್ರಭಾವ' ಅಂತ ಒಂದೇ ಶೀರ್ಷಿಕೆ ಕೊಟ್ಟು ನಮ್ಮಿಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟುವುದನ್ನು ಓದಿದಾಗಲೆಲ್ಲ ಈ ಪುಸ್ತಕ ನೆನಪಾಗುತ್ತೆ.

ಈಗ ಇನ್ನೂರು ವರ್ಷ ಹಿಂದಕ್ಕೆ. 1822ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ದೇಶೀ ಶಾಲೆಗಳ ಲೆಕ್ಕ ಕೇಳಿದ. (ದತ್ತ ಮಂಡಲದಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡುವಷ್ಟು ಈ ಮನುಷ್ಯ ನಮ್ಮವನಾಗಿದ್ದ.) ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ. ಹಾಗಾಗಿ ಕ್ಯಾಂಬೆಲ್ ಹೇಳುವ ಬಳ್ಳಾರಿ ಜಿಲ್ಲೆಯಲ್ಲಿ ರಾಯದುರ್ಗವೂ ಇದೆ, ಮಡಕಶಿರವೂ ಇದೆ.

ಅವನ ಲೆಕ್ಕದಲ್ಲಿ ಜನಸಂಖ್ಯೆ 9,27,857. ಶಾಲೆಗಳು 533, ಮಕ್ಕಳು 6,641. ಹಿಂದೂ ಮಕ್ಕಳಲ್ಲಿ ಹುಡುಗಿಯರು 60 ಮಂದಿ. ಭಾಷೆವಾರು ನೋಡಿದರೆ ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಇವಲ್ಲದೆ ಬ್ರಾಹ್ಮಣರಿಗಷ್ಟೇ ಮೀಸಲಾದ ಸಂಸ್ಕೃತ ಪಾಠದ ಜಾಗಗಳು 23. ಧರ್ಮಪಾಲ್ ಅವರ 1983ರ ಪುಸ್ತಕದಿಂದಾಗಿ ಈ ವರದಿ ಪ್ರಸಿದ್ಧವಾಯಿತು. ಇದನ್ನು ಹೊಗಳಿಕೆಗೆ ಬಳಸುವವರು ಹೆಚ್ಚು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ನಮ್ಮ ಕ್ರಮವನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯೇ ಅಂತ ಕ್ಯಾಂಬೆಲ್ ಮೆಚ್ಚಿದ್ದು ನಿಜ. ಆದರೆ ಜನ ಬಡವಾಗಿ ಶಾಲೆಗಳು ಕುಸಿಯುತ್ತಿವೆ, ಯುರೋಪಿನ ಬಟ್ಟೆ ಬಂದು ನೇಯುವವರ ಅನ್ನ ಹೋಗಿದೆ ಅಂತಲೂ ಅವನೇ ಬರೆದ.

ನಮ್ಮ ಗಡಿ ಸಭೆಗಳಲ್ಲಿ 235 ದೊಡ್ಡದಾ 226 ದೊಡ್ಡದಾ ಅನ್ನೋ ಚರ್ಚೆ ಬರುತ್ತೆ. ಒಂಬತ್ತು ಶಾಲೆಗಳ ಅಂತರದಲ್ಲಿ ನಾವು ಗೆದ್ದೆವು ಅನ್ನೋ ಹಾಗೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆ ಕಲಂ ಹೇಳೋದು ಶಾಲೆಯಲ್ಲಿ ಕಲಿಸುವ ಭಾಷೆಯನ್ನು. ಮನೆಯಲ್ಲಿ ತೆಲುಗು ಆಡಿ ಕನ್ನಡ ಶಾಲೆಗೆ ಹೋದ ಮಗು ಎಲ್ಲಿ, ಕನ್ನಡ ಆಡಿ ತೆಲುಗು ಶಾಲೆಗೆ ಹೋದ ಮಗು ಎಲ್ಲಿ, ಆ ಪಟ್ಟಿಯಲ್ಲಿ ಕಾಣೋದಿಲ್ಲ.

ನನಗೆ ಹೆಚ್ಚು ಕಾಡಿದ್ದು ಕ್ಯಾಂಬೆಲ್ಲನ ದೂರು. ರಾಮಾಯಣ, ಭಾರತ, ಭಾಗವತದ ಪದ್ಯಗಳನ್ನು ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ, ಆಡುಮಾತಿಗೂ ಪದ್ಯದ ಭಾಷೆಗೂ ಬಹಳ ದೂರ, ಅರ್ಥ ಬಿಡಿಸಿ ಹೇಳಬಲ್ಲ ಉಪಾಧ್ಯಾಯರು ಕಡಿಮೆ, ತಿಳಿದುಕೊಳ್ಳುವ ಹುಡುಗರು ಇನ್ನೂ ಕಡಿಮೆ. ಗಿಣಿಯ ಹೋಲಿಕೆ ಅವನೇ ಕೊಡುತ್ತಾನೆ. ಅಂದರೆ 1823ರಲ್ಲಿ ನಮ್ಮ ಸೀಮೆಯ ಮೇಷ್ಟ್ರುಗಳ ಮೇಲಿದ್ದ ಆರೋಪ, ಅರ್ಥ ಹೇಳೋದಿಲ್ಲ ಅನ್ನೋದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರ ಮೇಲಿದ್ದ ಆರೋಪ, ಅರ್ಥ ಒಂದನ್ನೇ ಹೇಳ್ತಾರೆ ಅನ್ನೋದು!

ಆ ಹೊತ್ತಿಗೆ ಬಳ್ಳಾರಿ ಪೇಟೆಯಲ್ಲೇ ಇನ್ನೊಂದು ಬಗೆಯ 'ಅರ್ಥ' ಅಚ್ಚಿಗೆ ಹೋಗುತ್ತಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೂತವನು. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. ಕಿಟೆಲ್ ನಿಘಂಟು ಬರಲು 1894 ಆಗಬೇಕಿತ್ತು. ಕಲೆಕ್ಟರ್ ಕ್ಯಾಂಬೆಲ್ ಕೂಡ ಬರೀ ಲೆಕ್ಕ ಬರೆಯುವ ಅಧಿಕಾರಿಯಲ್ಲ. 1816ರಲ್ಲಿ ತೆಲುಗು ವ್ಯಾಕರಣ ಬರೆದವನು ಇವನೇ. ಆ ಪುಸ್ತಕಕ್ಕೆ ಎಫ್. ಡಬ್ಲ್ಯು. ಎಲ್ಲಿಸ್ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡದ ಪದಗಳು ಪಕ್ಕಪಕ್ಕದಲ್ಲಿ ನಿಂತವು, ಇವು ಒಂದೇ ಮನೆತನದ ಭಾಷೆಗಳು ಅನ್ನೋದಕ್ಕೆ ಸಾಕ್ಷಿಯಾಗಿ. ಕಾಲ್ಡ್‌ವೆಲ್ಲನ ಪುಸ್ತಕ 1856ರದು, ಅದಕ್ಕೂ ನಲವತ್ತು ವರ್ಷ ಮುಂಚೆ.

ಇಂಥ ಟಿಪ್ಪಣಿ ಇರುವ ಪುಸ್ತಕ ಬರೆದವನು ಶಾಲೆಯ ಪಟ್ಟಿ ಮಾಡುವಾಗ ಭಾಷೆಗಳನ್ನು ಬೇರೆ ಬೇರೆ ಕಲಮಿನಲ್ಲಿ ಇಡುತ್ತಾನೆ. ಅವನ ತಪ್ಪು ಅಂತ ನಾನು ಹೇಳುತ್ತಿಲ್ಲ, ಪಟ್ಟಿಗೆ ಕಲಂ ಬೇಕೇ ಬೇಕು. ಆದರೆ ನಿಘಂಟಿಗೂ ಹಾಗೇ ಆಯಿತು. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ನಮ್ಮದೊಂದು ಭಾಷೆ. ಕನ್ನಡಕ್ಕೆ ಇಂಗ್ಲಿಷಿನಿಂದ ಬಂದ ಅನುವಾದದ ಚರಿತ್ರೆಯನ್ನು ನಾವು ಎಂ.ಎ.ಯಲ್ಲಿ ಓದೋದು ಹೀಗೇ, ಎರಡು ಭಾಷೆಯ ಕತೆಯಾಗಿ. ಬಿ.ಎಂ.ಶ್ರೀ. ಅವರ 1926ರ 'ಇಂಗ್ಲಿಷ್ ಗೀತಗಳು' ಅದರ ನಡುಮನೆ. ಮೈಸೂರಿನಿಂದ ನೋಡಿದರೆ ಅದು ಸರಿ. ನಮ್ಮೂರಿನಿಂದ ನೋಡಿದರೆ ಮೂರನೇ ಭಾಷೆ ಎಲ್ಲಿ ಹೋಯಿತು ಅನ್ನಿಸುತ್ತೆ.

1953ರ ಅಕ್ಟೋಬರ್ 1ರ ವಿಷಯ ನಿಮಗೆಲ್ಲ ಗೊತ್ತಿರೋದೇ, ಬೇಗ ದಾಟುತ್ತೇನೆ. ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಮಿಶ್ರಾ ಆಯೋಗ ವಿಚಾರಿಸಿದ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಹೋಯಿತು. ನಮ್ಮ ತಾತ ಆಗ ಶಾಲೆಯ ಹುಡುಗ. 'ಶಾಲೆ ಅದೇ, ಮೇಷ್ಟ್ರು ಅವರೇ, ಬಳ್ಳಾರಿಗೆ ಹೋಗೋ ಕಾಗದ ಅನಂತಪುರಕ್ಕೆ ಹೋಗೋಕೆ ಶುರುವಾಯ್ತು ನೋಡು' ಅನ್ನೋದಷ್ಟೇ ಅವರ ನೆನಪು. ನಮ್ಮ ತರಗತಿಯ ಮಟ್ಟಿಗೆ ಹೇಳೋದಾದರೆ, ಬಳ್ಳಾರಿಯ ಹುಡುಗನಿಗೆ ತೆಲುಗು ಬೀದಿಯ ಭಾಷೆಯಾಗಿ ಉಳಿಯಿತು, ನಮಗೆ ಪರೀಕ್ಷೆಯ ಭಾಷೆಯೂ ಆಯಿತು.

ಇನ್ನು ನಮ್ಮ ಇಂಗ್ಲಿಷ್ ಪಿರಿಯಡ್. ಮೇಷ್ಟ್ರು ಒಂದು ವಾಕ್ಯ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಯಾರದಾದರೂ ಮುಖ ಪೆಚ್ಚಾಗಿ ಕಂಡರೆ ತೆಲುಗಿನಲ್ಲೂ ಹೇಳುತ್ತಿದ್ದರು. ತೆಲುಗು ಸೆಕ್ಷನ್ನಿನ ಮೇಷ್ಟ್ರು ರಜೆ ಹಾಕಿದ ದಿನ ಎರಡೂ ಸೆಕ್ಷನ್ ಒಂದೇ ಕೋಣೆಯಲ್ಲಿ. ಅವತ್ತು ಪ್ರತಿ ವಾಕ್ಯಕ್ಕೂ ಎರಡು ಅರ್ಥ. 'ಮಾಕಾ, ಮನಕಾ ಸಾರ್?' ಅಂತ ಆ ಕಡೆಯವರು ಕೇಳುವ ಪ್ರಶ್ನೆ ನಮಗೆ ತಮಾಷೆ. ಮೇಷ್ಟ್ರಿಗೆ ತಮಾಷೆಯಾಗಿರಲಿಲ್ಲ. ಪುಸ್ತಕ ಮುಚ್ಚಿ, ಕತೆಯಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ನಮ್ಮನ್ನೂ ಸೇರಿಸಿ ಕೇಳುತ್ತಿದ್ದರು. ಕತೆಯ ಬಗ್ಗೆ ಒಂದು ಪ್ರಶ್ನೆ ಅಂತ ನಾನು ಮೊದಲು ಎದುರಿಸಿದ್ದು ಅಲ್ಲಿ, ಕನ್ನಡ ಪಿರಿಯಡ್ಡಿನಲ್ಲಲ್ಲ.

ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲಿ ಇದನ್ನು ವ್ಯಾಕರಣ-ಅನುವಾದ ಪದ್ಧತಿ ಅಂತ ಕರೆದು ಬದಿಗಿಡುತ್ತಾರೆ. ಎನ್. ಎಸ್. ಪ್ರಭು ಅವರ ಬೆಂಗಳೂರು ಯೋಜನೆ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲೇ ನಡೆದದ್ದು. ವ್ಯಾಕರಣ ಹೇಳಿಕೊಡುವ ಬದಲು ಮಕ್ಕಳಿಗೆ ಬಿಡಿಸಲು ಸಮಸ್ಯೆ ಕೊಡಿ, ಅರ್ಥದ ಬೆನ್ನು ಹತ್ತಿದರೆ ಭಾಷೆ ತಾನಾಗಿ ಬರುತ್ತೆ ಅನ್ನೋದು ಅದರ ತಿರುಳು. ಅದನ್ನು ಓದುವಾಗ ನನಗೆ ಅನ್ನಿಸಿದ್ದು, 'ಮಾಕಾ, ಮನಕಾ' ಅಂಥದ್ದೇ ಒಂದು ಸಮಸ್ಯೆ. ಬಿಡಿಸಿದ್ದು ಮಾತ್ರ ಇಂಗ್ಲಿಷಿನಲ್ಲಲ್ಲ. ಗೈ ಕುಕ್ 2010ರಲ್ಲಿ ಅನುವಾದಕ್ಕೆ ತರಗತಿಯಲ್ಲಿ ಮತ್ತೆ ಜಾಗ ಕೊಡಿ ಅಂತ ಒಂದು ಇಡೀ ಪುಸ್ತಕ ಬರೆದಿದ್ದಾರೆ. ನಮ್ಮ ಮೇಷ್ಟ್ರು ಜಾಗ ಕಿತ್ತುಕೊಂಡೇ ಇರಲಿಲ್ಲ.

ಹಾಗಂತ ನಾನು ಆ ಪದ್ಧತಿಯ ವಕೀಲನಾಗಿ ಬಂದಿಲ್ಲ. ಹತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ಒಳ್ಳೇ ಅಂಕ ತೆಗೆದ ನಾನು ಮುಂದೆ ಒಂದು ಕಾಲೇಜಿನ ಸಂದರ್ಶನದಲ್ಲಿ ನನ್ನ ಪರಿಚಯವನ್ನು ಮೂರು ವಾಕ್ಯದಲ್ಲಿ ಹೇಳಲಾಗದೆ ಎದ್ದು ಬಂದೆ. ಓದಿದ ವಾಕ್ಯಕ್ಕೆಲ್ಲ ಅರ್ಥ ಗೊತ್ತು, ನನ್ನದೊಂದು ವಾಕ್ಯ ಇಲ್ಲ. ಈ ನಷ್ಟವನ್ನು ಮರೆಮಾಚಿ ಅರ್ಥ ಹೇಳೋ ಕ್ರಮವನ್ನು ಹೊಗಳಿದರೆ ಅದು ಸುಳ್ಳಾಗುತ್ತೆ.

ಆದರೆ ಪರಿಹಾರ ಅಂತ ಬಂದದ್ದೇನು? 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಡಿಸಿತು, ಸಂಖ್ಯೆ 81. 2020ರ ಏಪ್ರಿಲ್ 15ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ಚರ್ಚೆಯೆಲ್ಲ ತೆಲುಗಾ ಇಂಗ್ಲಿಷಾ ಅಂತ ನಡೆಯಿತು. ಗಡಿಯ ಕನ್ನಡ ಶಾಲೆಗಳು ಆ ಮಾತಿನಲ್ಲಿ ಬಂದದ್ದು ಅಪರೂಪ. ಆಮೇಲೆ ದ್ವಿಭಾಷಾ ಪಠ್ಯಪುಸ್ತಕ ಬಂತು, ಒಂದು ಪುಟದಲ್ಲಿ ಇಂಗ್ಲಿಷ್, ಎದುರಿನ ಪುಟದಲ್ಲಿ ಅದೇ ಪಾಠ ತೆಲುಗಿನಲ್ಲಿ. ನಮ್ಮ ಪಕ್ಕದ ಮನೆ ಹುಡುಗಿಯ ಹತ್ತಿರ ಅದನ್ನು ನೋಡಿದಾಗ, ಅಪ್ಪನ ರೀಡರಿನ ಪೆನ್ಸಿಲ್ ಬರಹವೇ ಅಚ್ಚಾಗಿ ಬಂತಲ್ಲ ಅನ್ನಿಸಿತು. ಒಂದೇ ವ್ಯತ್ಯಾಸ, ಹೊಡೆದುಹಾಕಿದ ಪದಗಳು ಅದರಲ್ಲಿಲ್ಲ.

ನಾನು ಪದವಿಯಲ್ಲಿದ್ದಾಗ ಒಂದು ಸಮೀಕ್ಷೆಗೆ ನಮ್ಮ ತರಗತಿಯವರಿಂದ ಪ್ರಶ್ನಾವಳಿ ತುಂಬಿಸಿದರು. ಇಂಗ್ಲಿಷ್ ಕಲಿಕೆಯ ತೊಂದರೆಗಳ ಬಗ್ಗೆ. ಮಾತೃಭಾಷೆ ಅನ್ನೋ ಕಡೆ ಒಂದೇ ಕಲಂ. ಅಮ್ಮನದು ತೆಲುಗು, ಅಪ್ಪನದು ಕನ್ನಡ ಇದ್ದ ಗೆಳೆಯ ಏನು ಬರೀಲಿ ಅಂತ ಕೇಳಿದ. 'ಯಾವ ಮೀಡಿಯಂ ಓದಿದ್ದೀಯೋ ಅದನ್ನು ಬರಿ' ಅಂದರು. ಕ್ಯಾಂಬೆಲ್ಲನ ಪಟ್ಟಿ ಓದುವಾಗ ನನಗೆ ಆ ಗೆಳೆಯನೇ ಕಣ್ಣಮುಂದೆ ಬಂದ.

ಅಪ್ಪನ ಪುಸ್ತಕದಂಥವು ಇಲ್ಲಿಯವರೆಗೆ ಏಳು ಸಿಕ್ಕಿವೆ. ಮೂರು ರಾಯದುರ್ಗದ ಕಡೆಯವು, ಉಳಿದವು ನಮ್ಮೂರಿನವೇ. ಒಂದರಲ್ಲಿ ತೆಲುಗು ಅಕ್ಷರದಲ್ಲಿ ಕನ್ನಡ ಪದ ಬರೆದಿದೆ, ಬಹುಶಃ ಆ ನನ್ನ ಗೆಳೆಯನಂಥವರು ಯಾರೋ. ಏಳರಿಂದ ಏನನ್ನೂ ಸಾಧಿಸಲಾಗದು ಅನ್ನೋದು ನನಗೂ ಗೊತ್ತು. ಮಡಕಶಿರ, ಆದೋನಿ, ಆಲೂರು ಕಡೆಯವರು ಇಲ್ಲಿ ಕೇಳುತ್ತಿದ್ದರೆ, ಹಳೇ ಇಂಗ್ಲಿಷ್ ರೀಡರುಗಳನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಸಾಲುಗಳ ನಡುವೆ ನೋಡಿ. ಬರಹ ಇದ್ದರೆ ಫೋನಿನಲ್ಲಿ ಫೋಟೋ ತೆಗೆದು ಕಳಿಸಿ, ಪುಸ್ತಕ ನಿಮ್ಮ ಹತ್ತಿರವೇ ಇರಲಿ. ಪ್ರಶ್ನೆಗಳಿದ್ದರೆ ಕೇಳಬಹುದು.