ಅರುಂಧತಿ ನಾಗ್

ಅರುಂಧತಿ ನಾಗ್ (ಜನನ: 1956) ಭಾರತೀಯ ರಂಗಭೂಮಿ ಮತ್ತು ಚಲನಚಿತ್ರ ನಟಿ ಹಾಗೂ ರಂಗ ಸಂಘಟಕಿ. ಕನ್ನಡ, ಹಿಂದಿ, ಮರಾಠಿ, ಗುಜರಾತಿ ಮತ್ತು ಇಂಗ್ಲಿಷ್ ರಂಗಭೂಮಿಗಳಲ್ಲಿ ಅಭಿನಯಿಸಿದ್ದಾರೆ. ಚಲನಚಿತ್ರಗಳಲ್ಲಿ ಪೋಷಕ ಪಾತ್ರಗಳಿಂದ ಪರಿಚಿತರು. ಬೆಂಗಳೂರಿನ ಜೆ.ಪಿ. ನಗರದಲ್ಲಿರುವ 'ರಂಗಶಂಕರ' ರಂಗಮಂದಿರದ ಸ್ಥಾಪಕಿ.

ಆರಂಭಿಕ ಜೀವನ
ದೆಹಲಿಯಲ್ಲಿ ಜನಿಸಿದ ಅರುಂಧತಿ ಅವರ ಮೊದಲ ಹೆಸರು ಅರುಂಧತಿ ರಾವ್. ಬಾಲ್ಯದಲ್ಲಿಯೇ ಅವರ ಕುಟುಂಬವು ಮುಂಬಯಿಗೆ ನೆಲೆ ಬದಲಾಯಿಸಿತು. ಅಲ್ಲಿ ಇಪ್ಟಾ (ಭಾರತೀಯ ಜನ ನಾಟ್ಯ ಸಂಘ) ಮೂಲಕ ಅವರು ರಂಗಭೂಮಿಯನ್ನು ಪ್ರವೇಶಿಸಿದರು. ಮುಂಬಯಿಯ ನಾಟಕ ವಲಯದಲ್ಲಿಯೇ ಅವರಿಗೆ ಶಂಕರ್ ನಾಗ್ ಅವರ ಪರಿಚಯವಾಯಿತು. ವಿವಾಹಾನಂತರ ಬೆಂಗಳೂರಿನಲ್ಲಿ ನೆಲೆಸಿದ ಅವರು ಕನ್ನಡ ರಂಗಭೂಮಿಯನ್ನು ತಮ್ಮ ಮುಖ್ಯ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು.

ರಂಗಭೂಮಿ
ಶಂಕರ್ ನಾಗ್ ಮತ್ತು ಗೆಳೆಯರೊಡನೆ ಕಟ್ಟಿದ 'ಸಂಕೇತ್' ತಂಡದಲ್ಲಿ ಅರುಂಧತಿ ಪ್ರಮುಖ ನಟಿಯಾಗಿದ್ದರು. ಗಿರೀಶ ಕಾರ್ನಾಡರ 'ಅಂಜುಮಲ್ಲಿಗೆ' ಹಾಗೂ 'ನಾಗಮಂಡಲ', ಜಯವಂತ ದಳವಿ ಅವರ 'ಸಂಧ್ಯಾಛಾಯಾ', ಫ್ರೆಡರಿಕ್ ನಾಟ್ ಅವರ 'ವೇಟ್ ಅನ್‌ಟಿಲ್ ಡಾರ್ಕ್' ಆಧಾರಿತ '27 ಮಾವಳ್ಳಿ ಸರ್ಕಲ್' ಅವರು ಅಭಿನಯಿಸಿದ ನಾಟಕಗಳಲ್ಲಿ ಸೇರಿವೆ. ಬರ್ಟೋಲ್ಟ್ ಬ್ರೆಕ್ಟ್‌ನ 'ಮದರ್ ಕರೇಜ್' ನಾಟಕದ ಕನ್ನಡ ರೂಪದಲ್ಲಿ ಹುಲಿಯವ್ವನ ಪಾತ್ರವನ್ನು ನಿರ್ವಹಿಸಿದ್ದಾರೆ.

ಕಾರ್ನಾಡರ ಏಕವ್ಯಕ್ತಿ ನಾಟಕ 'ಒಡಕಲು ಬಿಂಬ' (2005) ಅವರ ಪ್ರಮುಖ ಪ್ರಯೋಗಗಳಲ್ಲೊಂದು. ಇಂಗ್ಲಿಷ್ ಕಾದಂಬರಿಯೊಂದರಿಂದ ಖ್ಯಾತಳಾದ ಕನ್ನಡ ಲೇಖಕಿ ಮಂಜುಳಾ ನಾಯಕ್, ದೂರದರ್ಶನ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಪರದೆಯ ಮೇಲಿನ ತನ್ನದೇ ಬಿಂಬದ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಕಾದಂಬರಿಯನ್ನು ನಿಜವಾಗಿ ಬರೆದವರು ಯಾರೆಂಬುದು ಈ ಸಂವಾದದಲ್ಲಿ ಬಯಲಾಗುತ್ತದೆ. ಬಿಂಬದ ಮಾತುಗಳು ಮೊದಲೇ ಚಿತ್ರೀಕರಣಗೊಂಡಿರುವುದರಿಂದ ವೇದಿಕೆಯ ಮೇಲಿನ ನಟಿಯು ಅವುಗಳ ಗತಿಗೆ ಸರಿಯಾಗಿ ಮಾತನಾಡಬೇಕು. ಮರೆತರೆ ನೆರವಿಗೆ ಬರಲು ಸಹನಟರಿರುವುದಿಲ್ಲ. ಅರುಂಧತಿ ಈ ನಾಟಕವನ್ನು 'ಬಿಖರೇ ಬಿಂಬ್' ಹೆಸರಿನಲ್ಲಿ ಹಿಂದಿಯಲ್ಲಿಯೂ ಅಭಿನಯಿಸಿದ್ದಾರೆ.

ಚಲನಚಿತ್ರಗಳು
'ಆಕ್ಸಿಡೆಂಟ್' (1984), 'ಪರಮೇಶಿ ಪ್ರೇಮ ಪ್ರಸಂಗ' (1984) ಮತ್ತು 'ನೋಡಿ ಸ್ವಾಮಿ ನಾವಿರೋದು ಹೀಗೆ' (1987) ಅವರ ಆರಂಭದ ಕನ್ನಡ ಚಿತ್ರಗಳಲ್ಲಿ ಸೇರಿವೆ. ಅನಂತರ ತಮಿಳಿನ 'ಮಿನ್ಸಾರ ಕನವು' (1997), ಹಿಂದಿಯ 'ದಿಲ್ ಸೇ' (1998) ಮತ್ತು ಮಲಯಾಳಂನ 'ಡಾ ತಡಿಯಾ' (2012) ಚಿತ್ರಗಳಲ್ಲಿ ಪೋಷಕ ಪಾತ್ರಗಳನ್ನು ನಿರ್ವಹಿಸಿದರು. 'ಜೋಗಿ' (2005) ಚಿತ್ರದಲ್ಲಿ ಶಿವರಾಜ್‌ಕುಮಾರ್ ಅವರ ತಾಯಿಯಾಗಿ ವ್ಯಾಪಕ ಮನ್ನಣೆ ಪಡೆದರು. ಆರ್. ಬಾಲ್ಕಿ ನಿರ್ದೇಶನದ 'ಪಾ' (2009) ಚಿತ್ರದಲ್ಲಿ ವಿದ್ಯಾ ಬಾಲನ್ ಅವರ ತಾಯಿಯ ಪಾತ್ರಕ್ಕಾಗಿ ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು.

ರಂಗಶಂಕರ
1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಶಂಕರ್ ನಾಗ್ ನಿಧನರಾದರು. ಅದೇ ವಾಹನದಲ್ಲಿದ್ದ ಅರುಂಧತಿ ಗಾಯಗೊಂಡರು. ನಾಟಕಕ್ಕೆಂದೇ ಒಂದು ಸುಸಜ್ಜಿತ ರಂಗಮಂದಿರವಿರಬೇಕೆಂಬ ಶಂಕರ್ ಅವರ ಆಶಯವನ್ನು ಸಾಕಾರಗೊಳಿಸಲು ಅವರು ಸಂಕೇತ್ ಟ್ರಸ್ಟ್ ಮೂಲಕ ಶ್ರಮಿಸಿದರು. ಜೆ.ಪಿ. ನಗರ 2ನೇ ಹಂತದಲ್ಲಿ ಸರ್ಕಾರವು ನೀಡಿದ ನಿವೇಶನದಲ್ಲಿ, ಸಾರ್ವಜನಿಕರ ಮತ್ತು ಸಂಸ್ಥೆಗಳ ದೇಣಿಗೆಯ ನೆರವಿನಿಂದ ನಿರ್ಮಾಣವಾದ ರಂಗಶಂಕರವು 2004ರಲ್ಲಿ ಉದ್ಘಾಟನೆಗೊಂಡಿತು. ಕಟ್ಟಡದ ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ.

ದಿನಕ್ಕೊಂದು ನಾಟಕ, ತಂಡಗಳಿಗೆ ಕಡಿಮೆ ಬಾಡಿಗೆ ಮತ್ತು ಸಮಯಪಾಲನೆ ಈ ರಂಗಮಂದಿರದ ಮುಖ್ಯ ನೀತಿಗಳು. ನಾಟಕ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಮಕ್ಕಳಿಗಾಗಿ 'ಆಹಾ!' ಎಂಬ ರಂಗ ಕಾರ್ಯಕ್ರಮವನ್ನೂ ಸಂಸ್ಥೆಯು ನಡೆಸುತ್ತದೆ. ಪುರಭವನ, ರವೀಂದ್ರ ಕಲಾಕ್ಷೇತ್ರ ಮೊದಲಾದ ನಗರ ಮಧ್ಯದ ಸಭಾಂಗಣಗಳ ಜೊತೆಗೆ ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಸಮೀಪದಲ್ಲಿಯೇ ನಿತ್ಯ ನಾಟಕ ನಡೆಯುವ ತಾಣವೊಂದು ಇದರಿಂದ ದೊರೆಯಿತು.

ಪ್ರಶಸ್ತಿಗಳು
• ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (2008)
• ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ – 'ಪಾ' (2009ನೇ ಸಾಲಿನ ಚಿತ್ರ)
• ಪದ್ಮಶ್ರೀ (2010)