ಪಾಪನಿವೇದನೆ

ತನ್ನ ತಪ್ಪನ್ನು ಗುರುಗಳ ಮುಂದೆ ಬಾಯಿಬಿಟ್ಟು ಹೇಳಿ, ಅವರು ತಿದ್ದಿದ್ದನ್ನು ತಲೆಬಾಗಿ ಕೇಳುವ ಕಥೋಲಿಕ ಸಂಸ್ಕಾರ. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. ಮೈಸೂರಿನಲ್ಲಿ ಇದರ ದೊಡ್ಡ ನೆಲೆ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚ್. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಜನ ಹೆಚ್ಚು. ಮೊಣಕಾಲೂರಿ ಪಿಸುದನಿಯಲ್ಲಿ ಹೇಳಿದರೆ ಗುರುಗಳು ಬುದ್ಧಿಮಾತು ಹೇಳಿ, ಪ್ರಾಯಶ್ಚಿತ್ತ ಕೊಟ್ಟು, ಕ್ಷಮೆ ಸಾರುತ್ತಾರೆ; ಕದ್ದಿದ್ದರೆ ಅದನ್ನು ಹಿಂದಿರುಗಿಸಬೇಕು. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಹೇಳುವುದಕ್ಕಿಂತ ಕಷ್ಟ, 'ಆದರೆ ಸ್ವಾಮಿ' ಎನ್ನದೆ ಕೇಳುವುದು.

ಹೆಚ್ಚಿನ ಪ್ರೊಟೆಸ್ಟೆಂಟರಲ್ಲಿ ಈ ಸಂಸ್ಕಾರವಿಲ್ಲ. ಮೈಸೂರಿನಲ್ಲಿ 1887ರಿಂದ 'ವೃತ್ತಾಂತ ಪತ್ರಿಕೆ' ಹೊರಡಿಸಿದ ವೆಸ್ಲಿಯನ್ನರೆಂಬ ಪ್ರೊಟೆಸ್ಟೆಂಟ್ ಪಂಗಡದ ಮೂಲಪದ್ಧತಿ ಬೇರೆ: ಸುಮಾರು ಹನ್ನೆರಡು ಮಂದಿಯ ವಾರದ ಕೂಟ, ಅಲ್ಲಿ ಒಬ್ಬರನ್ನೊಬ್ಬರು ತಿದ್ದುವುದು.