ಸತ್ತ ಯಂತ್ರದ ಸಾಕ್ಷಿ

ಹಾನಗಲ್ಲಿನಲ್ಲಿ ದೊರೆತಿರುವ 1196ನೇ ಇಸವಿಯ ಒಂದು ವೀರಗಲ್ಲು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ್ದು, ಕದಂಬ ಕಾಮದೇವನ ಪಡೆ ಅವನನ್ನು ಹಿಮ್ಮೆಟ್ಟಿಸಿದ್ದು, ಆ ಕಾಳಗದಲ್ಲಿ ಕಾಮದೇವನ ಸೇನಾಪತಿ ಸೋಹಣಿ ಮಡಿದದ್ದು ನಮಗೆ ಗೊತ್ತಾಗಿರುವುದು ಆ ಕಲ್ಲಿನಿಂದ. ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರಿನ ಕಡೆ ಓಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಯಾವ ದೊರೆಯ ಕಾಲ, ಯಾವ ದಿನ, ಏನು ಕಾರಣ ಎಂಬ ಬರಹ. ಇದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಮಡಿದವನು ತನ್ನ ಕಲ್ಲನ್ನು ತಾನೇ ಕೆತ್ತಲಾರ. ಕೆತ್ತಿಸುವವರು ಉಳಿದವರು.

ಇಷ್ಟು ಸರಳವಾದ ಮಾತನ್ನು ಕಂಪ್ಯೂಟರಿನ ವಿಷಯದಲ್ಲಿ ಒಪ್ಪಿಕೊಳ್ಳಲು ತಜ್ಞರಿಗೆ ಬಹಳ ವರ್ಷಗಳೇ ಹಿಡಿದವು. ಒಪ್ಪಿಸಿದವರಲ್ಲಿ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದ ಎಂಜಿನಿಯರುಗಳೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕಂಪ್ಯೂಟರ್ ಕೆಟ್ಟರೆ ನಮಗೇನು ಎನ್ನುವ ಕಾಲ ಹೋಗಿ ಬಹಳ ದಿನವಾಯಿತು. ಪಹಣಿ ಎಂದು ಸರ್ಕಾರ ಕರೆಯುವುದನ್ನು ಈ ನಾಲ್ಕೂ ತಾಲ್ಲೂಕುಗಳ ರೈತರು ಉತಾರ ಎನ್ನುತ್ತಾರೆ. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಉಳಿದ ಮೂರೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಊರುಗಳು. ದಫ್ತರ ಯಾರದೇ ಇರಲಿ, ಹೊಲದ ಹಕ್ಕು ಇದ್ದದ್ದು ಮಾತ್ರ ಕಾಗದದ ಮೇಲೆ, ತಲಾಟಿಯ ಗಂಟಿನಲ್ಲಿ. 1997ರಲ್ಲಿ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಅಚ್ಚು ಹಾಕಿದ ಉತಾರ ಕೈಗೆ ಬರತೊಡಗಿತು. ಅಲ್ಲಿಂದ ಮುಂದೆ ಪಡಿತರ, ಪಿಂಚಣಿ, ಬ್ಯಾಂಕು, ಎಲ್ಲವೂ ಅದೇ ದಾರಿ ಹಿಡಿದವು. ಬೆಳೆಸಾಲಕ್ಕೆ ಉತಾರ ಬೇಕೆಂದು ದಿನದ ಕೂಲಿ ಬಿಟ್ಟು ಪಾಳಿಯಲ್ಲಿ ನಿಂತವನಿಗೆ ‘ಸರ್ವರ್ ಇಲ್ಲ’ ಎಂಬ ಎರಡು ಪದ ಸಾಕು, ಆ ದಿನ ಮುಗಿದಂತೆ.

ಸರ್ವರ್ ಇಲ್ಲದಿರಲು ಕಾರಣ ನೂರಿರಬಹುದು. ಕರೆಂಟು, ಕೇಬಲ್ಲು, ಕೆಟ್ಟ ತಂತ್ರಾಂಶ; ಹೆಚ್ಚಿನ ಸಲ ಇವೇ. ಆದರೆ ಕೆಲವೊಮ್ಮೆ ರೋಗ ಎಲ್ಲಕ್ಕಿಂತ ಒಳಗೆ, ಕರ್ನೆಲ್ಲಿನಲ್ಲಿ ಇರುತ್ತದೆ. ಕರ್ನೆಲ್ ಎಂದರೆ ತಿರುಳು. ಯಂತ್ರದ ಮೆಮೊರಿ, ಡಿಸ್ಕು, ತಂತಿಗಳು ಒಂದು ಕಡೆ. ಅವನ್ನು ಬಳಸುವ ತಂತ್ರಾಂಶಗಳು ಇನ್ನೊಂದು ಕಡೆ. ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಮೊದಲು ಎಂದು ಇವೆರಡರ ನಡುವೆ ನಿಂತು ತೀರ್ಮಾನಿಸುವ ಮೂಲ ತಂತ್ರಾಂಶವೇ ಕರ್ನೆಲ್. ಬೇರೆ ತಂತ್ರಾಂಶ ಕೆಟ್ಟರೆ ಕರ್ನೆಲ್ ಅದನ್ನು ಹೊರಗೆ ಹಾಕಿ ಉಳಿದವರನ್ನು ಕಾಪಾಡುತ್ತದೆ. ಕರ್ನೆಲ್ಲೇ ಕೆಟ್ಟರೆ ಕಾಪಾಡುವವರಿಲ್ಲ.

ಆಗ ಏನು ಮಾಡುತ್ತಾರೆ? ಆಫ್ ಮಾಡಿ ಆನ್ ಮಾಡುತ್ತಾರೆ. ಯಂತ್ರ ಎದ್ದು ಕೂರುತ್ತದೆ, ಪಾಳಿ ಮುಂದೆ ಸರಿಯುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಕೆಡಲು ಕಾರಣವೇನೆಂಬುದಕ್ಕೆ ಇದ್ದ ಒಂದೇ ಸಾಕ್ಷಿ, ಆ ಗಳಿಗೆಯ ಮೆಮೊರಿ, ಅಳಿಸಿಹೋಗುತ್ತದೆ. ಕಾರಣ ತಿಳಿಯದ ರೋಗ ಮುಂದಿನ ವಾರ ಮತ್ತೆ ಬರುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದಂತೆ ಇದು.

ಸತ್ತ ಗಳಿಗೆಯ ಮೆಮೊರಿಯನ್ನು ಹಾಗೆಯೇ ತೆಗೆದಿಡುವ ಪದ್ಧತಿ ಹಳೆಯದೇ. ಮೆಮೊರಿ ಎಂದರೆ ಪುಟ್ಟ ಪುಟ್ಟ ಅಯಸ್ಕಾಂತದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ಜಾಲವಾಗಿದ್ದ ಕಾಲದಲ್ಲಿ ಆ ಉಂಗುರಕ್ಕೆ ‘ಕೋರ್’ ಎಂಬ ಹೆಸರಿತ್ತು. ಅದರಲ್ಲಿದ್ದುದನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕುವುದೇ ‘ಕೋರ್ ಡಂಪ್’. ಉಂಗುರಗಳು ಹೋದವು, ಹೆಸರು ಉಳಿಯಿತು. ಇಡೀ ಯಂತ್ರವೇ ಕುಸಿದಾಗ ತೆಗೆಯುವುದಕ್ಕೆ ‘ಕ್ರ್ಯಾಶ್ ಡಂಪ್’ ಎನ್ನುತ್ತಾರೆ.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕರ್ನೆಲ್ ಇಂದು ಜಗತ್ತಿನ ಸರ್ವರುಗಳ ಬಹುದೊಡ್ಡ ಪಾಲನ್ನು ನಡೆಸುತ್ತಿದೆ. ಆದರೆ ಅದರಲ್ಲಿ ಬಹಳ ಕಾಲ ಕ್ರ್ಯಾಶ್ ಡಂಪ್ ಸೌಲಭ್ಯವೇ ಇರಲಿಲ್ಲ. 1999ರ ಹೊತ್ತಿಗೆ ಅಮೆರಿಕದ ಎಸ್‌ಜಿಐ ಕಂಪನಿಯವರು ‘ಎಲ್‌ಕೆಸಿಡಿ’ ಎಂಬುದನ್ನು ತಂದರು. ಬೆಂಗಳೂರಿನ ಐಬಿಎಂ ಎಂಜಿನಿಯರುಗಳೂ ಮುಂದೆ ಅದರಲ್ಲಿ ಕೈಜೋಡಿಸಿದರು. 2002ರಲ್ಲಿ ಅದನ್ನು ಮುಖ್ಯ ಕರ್ನೆಲ್ಲಿಗೆ ಸೇರಿಸಿಕೊಳ್ಳಲು ಲೈನಸ್ ಒಪ್ಪಲಿಲ್ಲ. ಆ ವಿಧಾನಕ್ಕೆ ಮೂಲದಲ್ಲೇ ಒಂದು ದೋಷವೂ ಇತ್ತು. ಸಾಯುತ್ತಿರುವ ಕರ್ನೆಲ್ಲೇ ತನ್ನ ಸಾವಿನ ವರದಿಯನ್ನು ಡಿಸ್ಕಿಗೆ ಬರೆಯಬೇಕಿತ್ತು. ಕೆಟ್ಟಿರುವುದು ಡಿಸ್ಕಿನ ಭಾಗವೇ ಆಗಿದ್ದರೆ? ಕೈ ನಡುಗುವವನ ಹತ್ತಿರ ಲೇಖನಿ ಕೊಟ್ಟಂತೆ, ಅದು ವರದಿಯನ್ನು ಒಳ್ಳೆಯ ಕಡತಗಳ ಮೇಲೆಯೇ ಗೀಚಿಬಿಡುವ ಅಪಾಯವಿತ್ತು.

ದಾರಿ ತೋರಿಸಿದ್ದು ಬೇರೆಯದೇ ಉದ್ದೇಶಕ್ಕೆ ಹುಟ್ಟಿದ ಒಂದು ಉಪಾಯ. ಎರಿಕ್ ಬೀಡರ್‌ಮನ್ ಎಂಬ ಅಮೆರಿಕದ ಎಂಜಿನಿಯರು ‘ಕೆಕ್ಸೆಕ್’ ಎಂಬುದನ್ನು ಬರೆದಿದ್ದರು. ಯಂತ್ರವನ್ನು ಆರಿಸದೆ, ಒಂದು ಕರ್ನೆಲ್ಲಿನಿಂದ ಇನ್ನೊಂದಕ್ಕೆ ನೇರ ಜಿಗಿಯುವ ವಿಧಾನವದು. ಆರಿಸದೆ ಜಿಗಿದರೆ ಮೆಮೊರಿ ಅಳಿಯುವುದಿಲ್ಲ ತಾನೆ? ಐಬಿಎಂನ ಬೆಂಗಳೂರು ಲಿನಕ್ಸ್ ಕೇಂದ್ರದಲ್ಲಿದ್ದ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಮತ್ತು ಸಂಗಡಿಗರು ಹಿಡಿದದ್ದು ಇದೇ ಎಳೆಯನ್ನು. ಯಂತ್ರ ಆರೋಗ್ಯವಾಗಿರುವಾಗಲೇ ಮೆಮೊರಿಯ ಒಂದು ತುಂಡನ್ನು ಬೇರೆಯಾಗಿ ತೆಗೆದಿಡುವುದು. ಅದರಲ್ಲಿ ಎರಡನೆಯ ಪುಟ್ಟ ಕರ್ನೆಲ್ಲೊಂದನ್ನು ಮಲಗಿಸಿಡುವುದು. ದೊಡ್ಡದು ಕುಸಿದ ಕ್ಷಣವೇ ನಿಯಂತ್ರಣ ಈ ಪುಟ್ಟದರ ಕೈಗೆ. ಅದು ತನ್ನ ತುಂಡು ಜಾಗದಲ್ಲೇ ಎದ್ದು, ಸತ್ತದ್ದರ ಇಡೀ ಮೆಮೊರಿಯನ್ನು ಒಂದು ಕಡತದಂತೆ ತೆರೆದು, ನಿಧಾನವಾಗಿ ಡಿಸ್ಕಿಗೋ ಜಾಲದ ಮೂಲಕ ಬೇರೆ ಯಂತ್ರಕ್ಕೋ ನಕಲು ಮಾಡುತ್ತದೆ. ಆಮೇಲೆ ಯಂತ್ರವನ್ನು ಮಾಮೂಲಿನಂತೆ ಮತ್ತೆ ಆರಂಭಿಸುತ್ತದೆ. ಇದಕ್ಕೆ ‘ಕೆಡಂಪ್’ ಎಂದು ಹೆಸರು. ಗೋಯಲ್, ಬೀಡರ್‌ಮನ್, ನೆಲ್ಲಿತೀರ್ಥ ಮೂವರೂ ಸೇರಿ 2005ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮಾವೇಶಕ್ಕೆ ಇದರ ಪ್ರಬಂಧ ಬರೆದರು. ಅದೇ ವರ್ಷ ಆಗಸ್ಟಿನಲ್ಲಿ ಬಂದ 2.6.13ನೇ ಆವೃತ್ತಿಯಲ್ಲಿ ಕೆಕ್ಸೆಕ್ ಮತ್ತು ಕೆಡಂಪ್ ಎರಡೂ ಮುಖ್ಯ ಕರ್ನೆಲ್ಲಿಗೆ ಸೇರಿದವು.

ಮೇಲ್ನೋಟಕ್ಕೆ ಸುಲಭವೆನಿಸುವ ಈ ಕೆಲಸದ ಕಷ್ಟ ಎಲ್ಲಿತ್ತೆಂದು ನೋಡಿದರೆ ಸ್ವಾರಸ್ಯವಾಗಿದೆ. ಹಳೆಯ ಕರ್ನೆಲ್ ಸತ್ತರೂ ಅದು ಡಿಸ್ಕಿಗೂ ಜಾಲದ ಕಾರ್ಡಿಗೂ ಕೊಟ್ಟ ಅಪ್ಪಣೆಗಳು ಜಾರಿಯಲ್ಲೇ ಇರುತ್ತವೆ. ಒಡೆಯ ಸತ್ತ ಸುದ್ದಿ ತಿಳಿಯದ ಆಳುಗಳಂತೆ ಅವು ಮೆಮೊರಿಗೆ ಮಾಹಿತಿ ತಂದು ಸುರಿಯುತ್ತಲೇ ಇರುತ್ತವೆ. ಹೊಸ ಕರ್ನೆಲ್ ಹಳೆಯದರ ಜಾಗದಲ್ಲೇ ಎದ್ದಿದ್ದರೆ ಈ ಸುರಿತಕ್ಕೆ ಸಿಕ್ಕಿ ಅದೂ ಸಾಯುತ್ತಿತ್ತು. ಮೊದಲೇ ಬೇರೆ ತೆಗೆದಿಟ್ಟ ಜಾಗ ಯಾವ ಹಳೆಯ ಅಪ್ಪಣೆಯಲ್ಲೂ ಇಲ್ಲವಾದ್ದರಿಂದ ಅದು ಸುರಕ್ಷಿತ. ಅರ್ಧ ಕೆಲಸದಲ್ಲಿರುವ ಸಾಧನಗಳನ್ನು ಮತ್ತೆ ಹದಕ್ಕೆ ತರುವಂತೆ ಚಾಲಕ ತಂತ್ರಾಂಶಗಳನ್ನು ತಿದ್ದುವ ಕೆಲಸ ಆಮೇಲೂ ಬಹಳ ದಿನ ನಡೆಯಿತು.

ಬೆಲೆಯಿಲ್ಲದೆ ಯಾವುದೂ ಇಲ್ಲ. ಆರಂಭದ ದಿನಗಳ ಕೈಪಿಡಿಯಲ್ಲಿ ಹೀಗೆ ತೆಗೆದಿಡಲು ಉದಾಹರಣೆಯಾಗಿ ಹೇಳಿದ್ದು 64 ಮೆಗಾಬೈಟ್. 512 ಮೆಗಾಬೈಟ್ ಮೆಮೊರಿಯ ಯಂತ್ರದಲ್ಲಿ ಅದು ಎಂಟರಲ್ಲೊಂದು ಪಾಲು! ಎಂದೋ ಬರಬಹುದಾದ ಸಾವಿಗಾಗಿ ದಿನವೂ ಇಷ್ಟನ್ನು ಖಾಲಿ ಇಡಬೇಕೇ ಎಂದು ಗೊಣಗಿದವರಿಗೆ ಕೊರತೆಯಿರಲಿಲ್ಲ. ಇಂದಿನ ದೊಡ್ಡ ಯಂತ್ರಗಳಲ್ಲಿ ಆ ತುಂಡು ಬೆಳೆದಿದೆ, ಪಾಲು ಮಾತ್ರ ಸಣ್ಣದಾಗಿದೆ. ಇಟ್ಟ ಮೇಲೆ ಪರೀಕ್ಷೆಯೂ ಆಗಬೇಕು. ಯಂತ್ರವನ್ನು ಬೇಕೆಂದೇ ಕೆಡವಿ ಡಂಪ್ ಬರುತ್ತದೋ ಇಲ್ಲವೋ ನೋಡುವುದೇ ಆ ಪರೀಕ್ಷೆ. ಇದನ್ನು ಮಾಡಿ ನೋಡದವರಿಗೆ ನಿಜವಾದ ಸಾವಿನ ದಿನ ಖಾಲಿ ಕಡತ ಸಿಕ್ಕರೆ ಆಶ್ಚರ್ಯವಿಲ್ಲ.

ಇಷ್ಟೂ ಪೂರ್ತಿ ಕುಸಿದ ಯಂತ್ರದ ಮಾತಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಕುತೂಹಲದ್ದು ಎಚ್ಚರಿಕೆಯ ಪ್ರಶ್ನೆ. ಕರ್ನೆಲ್ಲಿನ ಒಳಗೆ ಸಾವಿರಾರು ಕಡೆ ‘ಇದು ಆಗಬಾರದು’ ಎಂಬ ತಪಾಸಣೆಗಳಿವೆ. ಆಗಬಾರದ್ದು ಆದರೆ ಅದು ದಿನಚರಿಯಲ್ಲಿ ‘ಇಲ್ಲಿ ಕತ್ತರಿಸಿ’ ಎಂದು ಗೆರೆ ಹಾಕಿ, ಯಾವ ಕಡತದ ಯಾವ ಸಾಲು, ಯಾರು ಯಾರನ್ನು ಕರೆದು ಅಲ್ಲಿಗೆ ಬಂದರು ಎಂಬ ಪಟ್ಟಿಯನ್ನು ಬರೆದು, ಏನೂ ಆಗದವರಂತೆ ಮುಂದುವರಿಯುತ್ತದೆ. ಆ ಪಟ್ಟಿಯನ್ನೂ ವೀರಗಲ್ಲಿನಂತೆ ಕೆಳಗಿನಿಂದ ಮೇಲಕ್ಕೇ ಓದಬೇಕು. ಮೊದಲು ನಡೆದದ್ದು ತಳದಲ್ಲಿರುತ್ತದೆ.

ಆದರೆ ಪಟ್ಟಿ ಎಲ್ಲವನ್ನೂ ಹೇಳುವುದಿಲ್ಲ. ಒಂದೇ ಸರ್ವೆ ನಂಬರಿನ ಹೊಲವನ್ನು ಯಾರೋ ಇಬ್ಬರಿಗೆ ಮಾರಿದ್ದಾನೆ ಎಂದಿಟ್ಟುಕೊಳ್ಳಿ. ಎರಡನೆಯ ಖರೀದಿದಾರ ಹೆಸರು ಹಚ್ಚಿಸಲು ಕಚೇರಿಗೆ ಬಂದಾಗ ಗಲಾಟೆ ಏಳುತ್ತದೆ. ದೂರಿನಲ್ಲಿ ಬೀಳುವುದು ಅವನ ಹೆಸರೇ. ತಪ್ಪು ಅವನದೇ? ಮೆಮೊರಿಯ ಒಂದೇ ತುಂಡನ್ನು ಎರಡು ಕಡೆಯವರು ಬಿಟ್ಟುಕೊಟ್ಟಾಗ ಬರುವ ಎಚ್ಚರಿಕೆಯೂ ಹೀಗೆಯೇ. ಎರಡನೆಯದಾಗಿ ಬಿಟ್ಟವನ ವಿಳಾಸ ದಿನಚರಿಯಲ್ಲಿರುತ್ತದೆ, ಮೊದಲೇ ಬಿಟ್ಟು ಹೋದವನ ಸುಳಿವು ಮೆಮೊರಿಯಲ್ಲಿರುತ್ತದೆ. ಕರ್ನೆಲ್ ಮುಂದುವರಿದಂತೆ ಆ ಸುಳಿವಿನ ಮೇಲೆ ಬೇರೇನೋ ಬರೆದುಬಿಡುತ್ತದೆ. ಗಂಟೆಗಳ ನಂತರ ಯಂತ್ರ ಬೇರೆಲ್ಲೋ ಬಿದ್ದಾಗ ತೆಗೆದ ಡಂಪ್‌ನಲ್ಲಿ ಮೂಲ ಕಳ್ಳ ಸಿಗುವುದು ಕಷ್ಟ.

ಆದ್ದರಿಂದಲೇ 2015ರಲ್ಲಿ ಬಂದ 3.19ನೇ ಆವೃತ್ತಿಯಲ್ಲಿ ಹೊಸದೊಂದು ಆಯ್ಕೆ ಸೇರಿತು. ಅದನ್ನು ಚಾಲೂ ಮಾಡಿದರೆ, ಮೊದಲ ಎಚ್ಚರಿಕೆ ಬಂದ ಕೂಡಲೇ ಕರ್ನೆಲ್ ತಾನೇ ಕೆಲಸ ನಿಲ್ಲಿಸಿ ಬೀಳುತ್ತದೆ, ಕೆಡಂಪ್ ಆ ಗಳಿಗೆಯ ಮೆಮೊರಿಯನ್ನು ಹಿಡಿಯುತ್ತದೆ. ಸಿಕ್ಕ ಕಡತವನ್ನು ರೆಡ್ ಹ್ಯಾಟ್ ಕಂಪನಿಯ ಡೇವಿಡ್ ಆಂಡರ್ಸನ್ ಬರೆದ ‘ಕ್ರ್ಯಾಶ್’ ಎಂಬ ಉಪಕರಣದಲ್ಲಿ ತೆರೆದರೆ ಯಾರು ಯಾವ ಬೀಗ ಹಿಡಿದು ಕುಳಿತಿದ್ದರು, ಯಾರು ಕಾಯುತ್ತಿದ್ದರು, ಯಾವ ಲೆಕ್ಕ ಸೊನ್ನೆಯ ಕೆಳಗೆ ಹೋಯಿತು ಎಂದು ಒಂದೊಂದಾಗಿ ಕೇಳುತ್ತ ಹೋಗಬಹುದು. ದಿನಗಟ್ಟಲೆ ಹಿಡಿಯುವ ತಾಳ್ಮೆಯ ಕೆಲಸ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಡಂಪ್ ಎಂದರೆ ಮೆಮೊರಿಯ ಇಡೀ ಚಿತ್ರ. ಆ ಗಳಿಗೆಯಲ್ಲಿ ಯಂತ್ರದೊಳಗಿದ್ದ ಗುಪ್ತಪದಗಳು, ಜನರ ಹೆಸರು, ಖಾತೆಯ ವಿವರಗಳು ಅದರಲ್ಲಿ ಇರಬಹುದು. ಜಪಾನಿನ ಎನ್‌ಇಸಿ ಕಂಪನಿಯವರ ‘ಮೇಕ್‌ಡಂಪ್‌ಫೈಲ್’ ಎಂಬ ತಂತ್ರಾಂಶ ಖಾಲಿ ಪುಟಗಳನ್ನೂ ಬಳಕೆದಾರರ ಪುಟಗಳನ್ನೂ ಬಿಟ್ಟು ಕಡತವನ್ನು ಚಿಕ್ಕದು ಮಾಡಬಲ್ಲದು. ಇಷ್ಟಾದರೂ ಕರ್ನೆಲ್ಲಿನ ಕೈಯಲ್ಲೇ ಇದ್ದ ಗುಟ್ಟುಗಳು ಉಳಿಯುತ್ತವೆ. ಕಡತವನ್ನು ಯಾರಿಗೆ ಕಳಿಸುತ್ತೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಎಚ್ಚರಿಕೆ ಬಂದ ತಕ್ಷಣ ಯಂತ್ರವನ್ನು ಬೀಳಿಸಬೇಕೇ ಎಂಬುದರಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ. ಪಾಳಿಯಲ್ಲಿ ನೂರು ಜನ ನಿಂತಿರುವಾಗ, ತೆವಳಿಕೊಂಡಾದರೂ ನಡೆಯುತ್ತಿರುವ ಯಂತ್ರವನ್ನು ಸಾಕ್ಷಿಗಾಗಿ ಕೊಲ್ಲುವುದು ನ್ಯಾಯವೇ ಎನ್ನುತ್ತಾರೆ ಒಂದು ಪಕ್ಷದವರು. ಕೆಟ್ಟ ಲೆಕ್ಕದ ಮೇಲೆ ನಡೆಯುವ ಯಂತ್ರ ನಾಳೆ ದಾಖಲೆಯನ್ನೇ ಕೆಡಿಸಿದರೆ ಎಂದು ಇನ್ನೊಂದು ಪಕ್ಷ. ಪ್ರಯೋಗಾಲಯದ ಯಂತ್ರಕ್ಕೆ ಎರಡನೆಯದೇ ಸರಿ. ಜನರೆದುರಿನ ಯಂತ್ರಕ್ಕೆ, ಅದರ ಕೆಲಸ ವಹಿಸಿಕೊಳ್ಳಲು ಜೋಡಿ ಯಂತ್ರವೊಂದು ಸಿದ್ಧವಿದ್ದರೆ ಮಾತ್ರ ಆ ಧೈರ್ಯ ಮಾಡಬಹುದು ಎಂದು ನನಗೆ ಅನಿಸುತ್ತದೆ. 2023ರಲ್ಲಿ ಬಂದ 6.2ನೇ ಆವೃತ್ತಿ ನಡುದಾರಿಯೊಂದನ್ನು ಕೊಟ್ಟಿದೆ. ಇಷ್ಟು ಎಚ್ಚರಿಕೆಗಳಾದ ಮೇಲೆ ನಿಲ್ಲು ಎಂದು ಮಿತಿ ಹಾಕಬಹುದು. ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ಎಚ್ಚರಿಕೆಗಿಂತ ಒಂದು ಮೆಟ್ಟಿಲು ಮೇಲಿನ, ‘ಊಪ್ಸ್’ ಎಂದು ಕರೆಯಲಾಗುವ ಗಂಭೀರ ಎಡವಟ್ಟಿಗಾದರೆ ಕರ್ನೆಲ್ಲಿನವರೇ ಒಂದು ಅಂಕಿ ಇಟ್ಟು ಕಳಿಸಿದ್ದಾರೆ: 10,000.